ಹೋಗುವ ದಾರಿ ಸರಿ, ಬರುವ ದಾರಿ? ಹಳೇ ಸ್ಪೋರ್ಟ್ಸ್ ಕಾರಿನ ಕರೆಂಟ್ ರಗಳೆ ಹುಡುಕುವ ಬಗೆ

ಜುಲೈ ತಿಂಗಳ ಒಂದು ಬೆಳಿಗ್ಗೆ. ಮಳೆ ನೋಡಲು ಚೋರ್ಲಾ ಘಾಟಿಗೆ ಹೋಗೋಣ ಎಂದು ಕಾಕಾ ತಮ್ಮ 1972ರ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ ಸೆಲ್ಫ್ ಹೊಡೆದರು. ಎಂಜಿನ್ ಅರ್ಧ ಸುತ್ತು ಮೈಮುರಿದು ನಿಂತಿತು. ಇನ್ನೊಮ್ಮೆ ಹೊಡೆದರು. ಡ್ಯಾಶ್‌ಬೋರ್ಡ್ ಕೆಳಗಿನಿಂದ ಸುಟ್ಟ ವಾಸನೆ. ಚೋಕ್ ಎಳೆಯಲು ಕೈ ಹಾಕಿದವರು ಥಟ್ಟನೆ ಕೈ ಹಿಂದಕ್ಕೆ ತೆಗೆದರು. ಚೋಕ್ ಕೇಬಲ್ ಕಾದ ತವೆಯ ಹಾಗೆ ಸುಡುತ್ತಿತ್ತು. ಅದರ ಮೇಲಿನ ಕವಚದಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

ಬ್ಯಾಟರಿ ಹೊಸದು. ಸೆಲ್ಫ್ ಮೋಟಾರ್ ಮೂರು ತಿಂಗಳ ಹಿಂದಷ್ಟೇ ರಿಪೇರಿ ಆಗಿತ್ತು. ಅದನ್ನೇ ಮತ್ತೆ ಬಿಚ್ಚಬೇಕೇನೋ ಎಂದು ನಾನು ಪಾನಾ ಹುಡುಕುತ್ತಿದ್ದೆ. ಅಷ್ಟರಲ್ಲಿ ನಾವೆಲ್ಲ ಮಾಮಾ ಎಂದು ಕರೆಯುವ ಹಳೇ ಆಟೋ ಎಲೆಕ್ಟ್ರಿಷಿಯನ್ ಬಂದರು. ಕೊಡೆ ಮಡಚಿ ಗೋಡೆಗೆ ಒರಗಿಸಿ, ಬಾನೆಟ್ ಒಳಗೆ ಒಮ್ಮೆ ಇಣುಕಿ ಕೇಳಿದರು: "ತಮ್ಮಾ, ಕರೆಂಟ್ ಹೋಗೂ ದಾರಿ ಚಲೋ ಐತಿ. ಬರೂ ದಾರಿ ನೋಡೀಯೇನು?"

ನೋಡಿರಲಿಲ್ಲ. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುತ್ತದೆ, ಅಲ್ವಾ? ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎಂಜಿನ್ನಿಗೂ ಬಾಡಿಗೂ ಕರೆಂಟಿನ ನಂಟು ಇರುವುದು ತಾಮ್ರದ ಎಳೆ ಹೆಣೆದ ಒಂದು ಪಟ್ಟಿಯಿಂದ. ನಮ್ಮ ಕಾರಿನ ಪಟ್ಟಿ ಹಸಿರು ಕಿಲುಬು ಹಿಡಿದು, ನಾಲ್ಕು ಎಳೆಗಳ ಮೇಲೆ ನಿಂತಿತ್ತು. ಸೆಲ್ಫ್ ಎಳೆಯುವ ನೂರಾರು ಆಂಪ್ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ದಾರಿ ಕಾಣದೆ ಚೋಕ್ ಕೇಬಲ್ ಹಿಡಿದಿತ್ತು. ಆ ಒಂದು ಪಟ್ಟಿ ಬದಲಿಸಿದ ಮೇಲೆ ಎಂಜಿನ್ ಒಂದೇ ಏಟಿಗೆ ಎದ್ದಿತು.

ಆವತ್ತಿನಿಂದ ನಾನು ಹಳೇ ಕಾರಿನ ಕರೆಂಟ್ ತೊಂದರೆಗೆ ಕೈ ಹಾಕುವ ಕ್ರಮವೇ ಬದಲಾಯಿತು. ಮೊದಲು ಅರ್ತ್ (ಬಾಡಿಯ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ), ಆಮೇಲೆ ಜೋಡಣೆಗಳು, ಕೊನೆಗೆ ಸಾಮಾನು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸಾಮಾನು ತರಿಸುವುದರಲ್ಲೇ ಜೇಬು ಖಾಲಿಯಾಗುತ್ತದೆ. ಕೆಳಗೆ ಹೇಳಿರುವುದು ಎಂಜಿಬಿಯನ್ನು ಮುಂದಿಟ್ಟುಕೊಂಡು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಅದು. ನಿಮ್ಮ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇದ್ದರೂ ಬಹುಪಾಲು ಇದೇ ಲೆಕ್ಕ.

ಕೈಗೆ ಬೇಕಾದ್ದು

ಒಂದು ಡಿಜಿಟಲ್ ಮಲ್ಟಿಮೀಟರ್. ಒಂದು ಟೆಸ್ಟ್ ಲ್ಯಾಂಪ್. ಅದನ್ನು ಕೊಳ್ಳುವುದೇ ಬೇಡ, 21 ವ್ಯಾಟ್‌ನ ಇಂಡಿಕೇಟರ್ ಬಲ್ಬಿಗೆ ಹೋಲ್ಡರ್ ಹಾಕಿ ಎರಡು ಉದ್ದ ವೈರ್ ಬೆಸೆದರೆ ಮುಗಿಯಿತು. ಎಮರಿ ಕಾಗದ, ತಂತಿ ಬ್ರಷ್, ವ್ಯಾಸಲೀನ್, ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಿಲ್ಲೆ) ಒತ್ತುವ ಇಕ್ಕಳ. ಜೊತೆಗೆ ನಿಮ್ಮ ಕಾರಿನ ವರ್ಷಕ್ಕೆ ಸರಿಯಾದ ವೈರಿಂಗ್ ನಕ್ಷೆ. ವರ್ಷ ಸರಿ ಇರಲೇಬೇಕು. ಎಂಜಿಬಿಯ ವೈರಿಂಗ್ ವರ್ಷ ವರ್ಷ ಬದಲಾಗಿದೆ. ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಝೆರಾಕ್ಸ್ ಮಾಡಿಸಿ, ಮಕ್ಕಳ ಬಣ್ಣದ ಪೆನ್ಸಿಲ್ ತೆಗೆದುಕೊಂಡು ವೈರಿನ ಬಣ್ಣಗಳನ್ನು ತುಂಬಿ. ಒಂದು ಸಂಜೆ ಬೇಕು. ಆದರೆ ಆ ಸಂಜೆ ಮುಗಿಯುವಷ್ಟರಲ್ಲಿ ಅರ್ಧ ಕಾರು ನಿಮ್ಮ ತಲೆಯಲ್ಲಿ ಇರುತ್ತದೆ.

ಮೀಟರ್ ಇದ್ದ ಮೇಲೆ ಲ್ಯಾಂಪ್ ಯಾಕೆ? ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಇಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಮುಚ್ಚಿದ ನಲ್ಲಿಯ ಹಿಂದೆ ನೀರಿನ ಒತ್ತಡ ಚೆನ್ನಾಗಿಯೇ ಇರುತ್ತದೆ. ಪೈಪಿಗೆ ಕಸ ಸಿಕ್ಕಿದ್ದು ಗೊತ್ತಾಗುವುದು ನಲ್ಲಿ ತಿರುಗಿಸಿದಾಗ. 21 ವ್ಯಾಟ್ ಬಲ್ಬ್ ಅಂದರೆ ನಲ್ಲಿ ತಿರುಗಿಸಿದ ಹಾಗೆ. ಬಲ್ಬ್ ಮಂದವಾಗಿ ಉರಿದರೆ ಆ ವೈರ್ ಕೆಲಸಕ್ಕೆ ಬಾರದು.

ಕೆಲಸ ಶುರು ಮಾಡುವ ಮುಂಚೆ ಕೈಗಡಿಯಾರ, ಉಂಗುರ ತೆಗೆದಿಡಿ. ಬ್ಯಾಟರಿಯ ಅರ್ತ್ ಕ್ಲಾಂಪ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಹತ್ತಿರ ಬೀಡಿ ಸಿಗರೇಟು ಬೇಡ.

ಪ್ಲಸ್ ಅರ್ತೋ ಮೈನಸ್ ಅರ್ತೋ?

ಇದನ್ನು ನೋಡದೆ ಏನನ್ನೂ ಮುಟ್ಟಬೇಡಿ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ, ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇರುತ್ತದೆ. ಆಮೇಲಿನವುಗಳಲ್ಲಿ ಮೈನಸ್ ಬಾಡಿಗೆ, ಡೈನಮೋ ಬದಲು ಆಲ್ಟರ್ನೇಟರ್. ಆದರೆ ಐವತ್ತು ವರ್ಷದಲ್ಲಿ ಯಾರು ಯಾವುದನ್ನು ಯಾವುದಕ್ಕೆ ಬದಲಿಸಿದ್ದಾರೋ ದೇವರಿಗೇ ಗೊತ್ತು. ಆದ್ದರಿಂದ ವರ್ಷ ನೋಡಿ ಊಹೆ ಮಾಡಬೇಡಿ. ಬಾಡಿಗೆ ಬೋಲ್ಟ್ ಹಾಕಿರುವ ಕೇಬಲ್ ಹಿಡಿದು ಬ್ಯಾಟರಿವರೆಗೆ ಕಣ್ಣಲ್ಲಿ ನೋಡಿ. ಆಲ್ಟರ್ನೇಟರ್ ಇರುವ ಕಾರಿಗೆ ಬ್ಯಾಟರಿ ಉಲ್ಟಾ ಕೂಡಿಸಿದರೆ ಅದರ ಡಯೋಡ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸುಡುತ್ತವೆ.

ಪ್ಲಸ್ ಅರ್ತ್ ಕಾರಿಗೆ ಬೇರೆ ಕಾರಿನಿಂದ ಜಂಪ್ ಕೊಡುವಾಗ ಇನ್ನೊಂದು ಅಪಾಯ ಇದೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕೊಟ್ಟರೂ ಎರಡು ಕಾರಿನ ಬಾಡಿಗಳು ಒಂದಕ್ಕೊಂದು ತಾಗಬಾರದು. ಬಂಪರ್ ಮುಟ್ಟಿತೋ, ನೇರ ಶಾರ್ಟ್.

ಬ್ಯಾಟರಿ

ಎಂಜಿಬಿಯಲ್ಲಿ ಬ್ಯಾಟರಿ ಬಾನೆಟ್ ಒಳಗೆ ಇರುವುದಿಲ್ಲ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದರೆ ಒಂದು ಮುಚ್ಚಳ, ಅದರ ಕೆಳಗೆ. 1974ರವರೆಗಿನ ಕಾರುಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿ, ಎಡಕ್ಕೊಂದು ಬಲಕ್ಕೊಂದು. ಈಗ ಬಹಳ ಜನ 12 ವೋಲ್ಟಿನ ಒಂದು ಚಿಕ್ಕ ಬ್ಯಾಟರಿ ಒಂದು ಕಡೆ ಕೂಡಿಸಿ, ಮಧ್ಯದ ಕೇಬಲ್ ತೆಗೆದುಬಿಡುತ್ತಾರೆ. ನಾವೂ ಅದನ್ನೇ ಮಾಡಿದ್ದೇವೆ. ಹಳೇ ಶೈಲಿಯೇ ಬೇಕು ಎನ್ನುವವರು ಎರಡನ್ನೂ ಬೇರೆ ಬೇರೆ ಅಳೆಯಬೇಕು. ಒಂದು ಸೋತರೆ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ.

ರಾತ್ರಿಯಿಡೀ ನಿಂತ ಕಾರಿನಲ್ಲಿ ಅಳೆಯಿರಿ. 12.6 ವೋಲ್ಟ್ ಅಥವಾ ಸ್ವಲ್ಪ ಮೇಲೆ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಇದ್ದರೆ ಮೊದಲು ಚಾರ್ಜಿಗೆ ಹಾಕಿ, ಬೇರೆ ಪರೀಕ್ಷೆ ಆಮೇಲೆ. ಸೆಲ್ಫ್ ಹೊಡೆಯುವಾಗ 10ರ ಆಸುಪಾಸು ನಿಲ್ಲಬೇಕು. 9ಕ್ಕೆ ಕುಸಿದರೆ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಸೆಲ್ಫ್ ಬಿಗಿಯಾಗಿದೆ.

ಬರುವ ದಾರಿ ಅಳೆಯುವುದು

ಇಷ್ಟು ಕಲಿತರೆ ಉಳಿದದ್ದು ಅರ್ಧ ತಾನಾಗಿಯೇ ಬರುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೈನಸ್ ಅರ್ತ್ ಕಾರು ಎಂದುಕೊಳ್ಳಿ.

ಮೊದಲು ಪ್ಲಗ್‌ಗಳ ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ಗೆ ಬರುವ ಬಿಳಿ ವೈರ್ ಕಳಚಿ, ಅದರ ತುದಿಗೆ ಟೇಪ್ ಸುತ್ತಿಡಿ. ಸೆಲ್ಫ್ ತಿರುಗಬೇಕು, ಎಂಜಿನ್ ಏಳಬಾರದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ. ಕ್ಲಾಂಪಿಗಲ್ಲ, ನಡುವಿನ ಸೀಸದ ಕಂಬಕ್ಕೆ. ಕೆಂಪು ಮೊನೆ ಎಂಜಿನ್ ಬ್ಲಾಕ್‌ನ ಬಣ್ಣವಿಲ್ಲದ ಜಾಗಕ್ಕೆ. ಬ್ಯಾಟರಿ ಹಿಂದೆ ಇರುವುದರಿಂದ ಮೀಟರಿಗೆ ಉದ್ದದ ವೈರ್ ಜೋಡಿಸಿಕೊಳ್ಳಬೇಕಾಗುತ್ತದೆ. ಈಗ ಯಾರಾದರೂ ಎರಡು ಸೆಕೆಂಡ್ ಸೆಲ್ಫ್ ಹೊಡೆಯಲಿ.

ಮೀಟರ್ 0.2, 0.3 ವೋಲ್ಟ್ ತೋರಿಸಿದರೆ ದಾರಿ ಚೊಕ್ಕ ಇದೆ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ತಡೆ ಇದೆ. ಕಾಕಾನ ಕಾರು ಆವತ್ತು 4 ವೋಲ್ಟಿಗೂ ಜಾಸ್ತಿ ತೋರಿಸಿತ್ತು. ಅಂದರೆ ಸೆಲ್ಫಿಗೆ ಸಿಗಬೇಕಾದ ಬಲದಲ್ಲಿ ಮೂರನೇ ಒಂದು ಪಾಲು ಬರುವ ದಾರಿಯಲ್ಲೇ ಕಾವಾಗಿ ಹೋಗುತ್ತಿತ್ತು.

ತಡೆ ಎಲ್ಲಿದೆ? ದಾರಿಯನ್ನು ತುಂಡು ಮಾಡಿ ಅಳೆಯಿರಿ. ಬ್ಯಾಟರಿ ಕಂಬದಿಂದ ಕ್ಲಾಂಪ್. ಕ್ಲಾಂಪಿನಿಂದ ಬಾಡಿ. ಬಾಡಿಯಿಂದ ಎಂಜಿನ್. ಪ್ರತಿ ಸಲ ಸೆಲ್ಫ್ ಹೊಡೆಯುತ್ತಾ ನೋಡಿ. ಯಾವ ತುಂಡಿನಲ್ಲಿ ವೋಲ್ಟ್ ಕಾಣುತ್ತದೋ ಕಳ್ಳ ಅಲ್ಲೇ. ನಮ್ಮದು ಮೂರನೇ ತುಂಡಿನಲ್ಲಿ ಸಿಕ್ಕಿತು.

ಹೋಗುವ ದಾರಿಗೂ ಇದೇ ಉಪಾಯ. ಬ್ಯಾಟರಿಯ ಪ್ಲಸ್ ಕಂಬಕ್ಕೆ ಒಂದು ಮೊನೆ, ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಇನ್ನೊಂದು. ಅರ್ಧ ವೋಲ್ಟ್‌ವರೆಗೆ ನಡೆಯುತ್ತದೆ. ಈ ಕಾರಿನಲ್ಲಿ ಆ ಕೇಬಲ್ ಹಿಂದಿನಿಂದ ಮುಂದಿನವರೆಗೆ ಕಾರಿನ ಹೊಟ್ಟೆಯ ಕೆಳಗೇ ಬರುತ್ತದೆ. ಕಲ್ಲು, ಕೆಸರು, ನೀರು ಎಲ್ಲ ತಿಂದಿರುತ್ತದೆ.

ಸರಿಪಡಿಸುವ ರೀತಿ ಸರಳ. ಬೋಲ್ಟ್ ಬಿಚ್ಚಿ. ಬಾಡಿಯ ಬಣ್ಣ ಕೆರೆದು ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ಲಗ್ಗಿನ ಎರಡೂ ಮುಖ ಉಜ್ಜಿ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಬಳಿಯಿರಿ. ಹೊಸ ಬಣ್ಣ ಹೊಡೆಸಿದ ಕಾರುಗಳಲ್ಲಿ ಈ ಕಾಟ ಜಾಸ್ತಿ. ಪೇಂಟ್ ಮಾಡುವವರು ಅರ್ತ್ ಬೋಲ್ಟಿನ ಕೆಳಗೂ ಚಂದಗೆ ಬಣ್ಣ ಹೊಡೆದಿರುತ್ತಾರೆ.

ಹಿಂದಿನ ಲೈಟುಗಳದ್ದೂ ಇದೇ ಕಥೆ. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಜೊತೆಗೆ ಮಿಣುಕುತ್ತದೆಯೇ? ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್ ಮಂಕಾಗುತ್ತದೆಯೇ? ಸ್ವಿಚ್ ಬದಲಿಸಲು ಹೋಗಬೇಡಿ. ಆ ಲೈಟಿನ ಅರ್ತ್ ಹೋಗಿದೆ. ಒಂದು ಬಲ್ಬಿನ ಕರೆಂಟ್ ಪಕ್ಕದ ಬಲ್ಬಿನ ಮೂಲಕ ಮನೆ ಸೇರಲು ನೋಡುತ್ತಿದೆ. ಲೈಟಿನ ಲೋಹದ ಮೈಯಿಂದ ಚೊಕ್ಕ ಕಬ್ಬಿಣಕ್ಕೆ ಒಂದು ವೈರ್ ಮುಟ್ಟಿಸಿ ನೋಡಿ. ಬೆಳಕು ಜಿಗಿದರೆ ರೋಗ ಸಿಕ್ಕಿತು.

ಬಣ್ಣದ ಭಾಷೆ

ಹಳೇ ಬ್ರಿಟಿಷ್ ಕಾರುಗಳ ವೈರಿನ ಬಣ್ಣಕ್ಕೆ ಅರ್ಥ ಇದೆ. ಕಂದು ಬಣ್ಣ ಬ್ಯಾಟರಿಯಿಂದ ನೇರ ಬರುವುದು, ಫ್ಯೂಸ್ ಇಲ್ಲ, ಯಾವಾಗಲೂ ಜೀವಂತ. ಬಿಳಿ ಅಂದರೆ ಕೀಲಿ ತಿರುಗಿಸಿದಾಗ ಬರುವುದು, ಅದಕ್ಕೂ ಫ್ಯೂಸ್ ಇಲ್ಲ. ಹಸಿರು ಅಂದರೆ ಕೀಲಿ ತಿರುಗಿಸಿದಾಗ ಫ್ಯೂಸ್ ದಾಟಿ ಬರುವುದು. ನೇರಳೆ ಅಂದರೆ ಫ್ಯೂಸ್ ಇದ್ದು ಯಾವಾಗಲೂ ಜೀವಂತ, ಹಾರ್ನ್ ಮತ್ತು ಒಳಗಿನ ಲೈಟಿಗೆ. ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ಲೈಟಿಗೆ, ಕಪ್ಪು ಅರ್ತ್. ಎರಡನೇ ಬಣ್ಣದ ಗೆರೆ ಇದ್ದರೆ ಅದು ಕವಲು: ಹಸಿರಿನ ಮೇಲೆ ಕೆಂಪು ಗೆರೆ ಎಡ ಇಂಡಿಕೇಟರ್, ಬಿಳಿ ಗೆರೆ ಬಲ ಇಂಡಿಕೇಟರ್, ನೇರಳೆ ಗೆರೆ ಬ್ರೇಕ್ ಲೈಟ್.

ಐವತ್ತು ವರ್ಷದ ಎಣ್ಣೆ, ಧೂಳಿನಲ್ಲಿ ಎಲ್ಲ ಬಣ್ಣವೂ ಕಂದೇ ಆಗಿರುತ್ತದೆ. ಸ್ವಲ್ಪ ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಅಥವಾ ಟೇಪ್ ಸುತ್ತಿದ ಕಟ್ಟನ್ನು ಎರಡು ಇಂಚು ಬಿಚ್ಚಿ ನೋಡಿ. ಒಳಗೆ ಅಸಲಿ ಬಣ್ಣ ಹಾಗೇ ಇರುತ್ತದೆ. ಬಣ್ಣ ನಕ್ಷೆಗೆ ಹೊಂದದಿದ್ದರೆ ಅಲ್ಲಿ ಯಾರೋ ಕೈ ಆಡಿಸಿದ್ದಾರೆ. ಮೊದಲ ಅನುಮಾನ ಆ ವೈರಿನ ಮೇಲೆ.

ಫ್ಯೂಸಿನ ವಿಷಯದಲ್ಲಿ ಒಂದು ಬಲೆ ಇದೆ. ಹಳೇ ಗಾಜಿನ ಫ್ಯೂಸಿನ ಮೇಲೆ 35 ಆಂಪ್ ಎಂದು ಬರೆದಿರುತ್ತದೆ. ಅದು ಸುಡುವ ಮಟ್ಟ. ಸತತವಾಗಿ ತಡೆಯುವುದು 17 ಆಂಪ್ ಮಾತ್ರ. ಈಗಿನ ಬಹುಪಾಲು ಫ್ಯೂಸುಗಳ ಮೇಲೆ ಬರೆಯುವುದು ಸತತವಾಗಿ ತಡೆಯುವ ಅಂಕಿ. ಅಂಗಡಿಯಲ್ಲಿ "35 ಕೊಡ್ರಿ" ಎಂದು ಈಗಿನದನ್ನು ತಂದು ಹಾಕಿದರೆ ಫ್ಯೂಸ್ ಸುಡುವ ಮುಂಚೆ ವೈರ್ ಸುಡುತ್ತದೆ. 15ರಿಂದ 20ರ ಒಳಗಿನದು ಹಾಕಿ. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿದ ಫ್ಯೂಸನ್ನು ನಾನೇ ನಮ್ಮ ಕಾರಿನಿಂದ ತೆಗೆದಿದ್ದೇನೆ. ಯಾರ ಕೈಚಳಕವೋ.

ಜೋಡಣೆಗಳು

ಈ ಕಾರುಗಳಲ್ಲಿ ವೈರಿಗೆ ವೈರ್ ಸೇರುವುದು ಗುಂಡಿನ ಆಕಾರದ ಹಿತ್ತಾಳೆ ತುದಿಗಳಿಂದ. ಎರಡು ತುದಿ, ಮಧ್ಯೆ ಒಂದು ಲೋಹದ ಕೊಳವೆ, ಮೇಲೆ ಕಪ್ಪು ರಬ್ಬರ್. ರೇಡಿಯೇಟರ್ ಹತ್ತಿರ ಹೆಡ್‌ಲೈಟ್ ವೈರುಗಳಲ್ಲಿ, ಡಿಕ್ಕಿಯಲ್ಲಿ ಹಿಂದಿನ ಲೈಟ್ ವೈರುಗಳಲ್ಲಿ ಇವು ಗೊಂಚಲಾಗಿ ಇರುತ್ತವೆ. ಬೆಳಗಾವಿಯ ಮಳೆಗಾಲ ಇವಕ್ಕೆ ಶತ್ರು. ನಾಲ್ಕು ತಿಂಗಳ ತಂಪು ಗಾಳಿ ಸಾಕು, ರಬ್ಬರ್ ಒಳಗೆ ಹಸಿರು ಪುಡಿ ಕೂರುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಕಿಲುಬು ಕಡಿಮೆ. ಆದರೆ ಬಿಸಿಲಿಗೆ ವೈರಿನ ಸಿಪ್ಪೆ ಒಣಗಿ, ಬಗ್ಗಿಸಿದರೆ ಹಪ್ಪಳದ ಹಾಗೆ ಒಡೆಯುತ್ತದೆ.

ಒಂದೊಂದಾಗಿ ಮಾಡಿ. ಎಲ್ಲ ಒಮ್ಮೆಗೇ ಬಿಚ್ಚಿದರೆ ರಾತ್ರಿ ಹನ್ನೆರಡಾಗುತ್ತದೆ. ತುದಿಯನ್ನು ಎಳೆದು ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ, ಲೋಹವನ್ನು ಇಕ್ಕಳದಿಂದ ಹಿಡಿಯಿರಿ. ಎಮರಿ ಕಾಗದದ ಸಣ್ಣ ಪಟ್ಟಿ ಸುತ್ತಿ ಬೆರಳಲ್ಲಿ ನಾಲ್ಕು ಸಲ ತಿರುಗಿಸಿ. ಕಪ್ಪು ಹೋಗಿ ಹಳದಿ ಕಾಣಬೇಕು. ಕೊಳವೆ ಸಡಿಲವಾಗಿದ್ದರೆ ಅಥವಾ ಒಳಗೆ ಹಸಿರಾಗಿದ್ದರೆ ಹೊಸದು ಹಾಕಿ, ಉಜ್ಜುತ್ತಾ ಕೂರಬೇಡಿ. ಚೂರು ವ್ಯಾಸಲೀನ್ ಸವರಿ, "ಟಕ್" ಎನ್ನುವವರೆಗೆ ಒತ್ತಿ. ಎರಡು ವೈರ್ ಹೊಸೆದು ಟೇಪ್ ಸುತ್ತುವ ಚಟ ಮಾತ್ರ ಬಿಡಿ. ಟೇಪ್ ಒಳಗೆ ನೀರು ಹೋಗುತ್ತದೆ, ಹೊರಗೆ ಬರುವುದಿಲ್ಲ.

ಮಳೆಯಲ್ಲಿ ಸ್ಟಾರ್ಟ್ ಆಗದಿದ್ದರೆ

ಸೆಲ್ಫ್ ಜೋರಾಗಿ ತಿರುಗುತ್ತಿದೆ, ಎಂಜಿನ್ ಏಳುತ್ತಿಲ್ಲ. ಕೀಲಿ ಹಾಕಿ ಕಿವಿಗೊಡಿ. ಹಿಂದಿನಿಂದ ಪೆಟ್ರೋಲ್ ಪಂಪಿನ "ಟಿಕ್ ಟಿಕ್" ಕೇಳಿಸಬೇಕು. ಕೇಳಿಸದಿದ್ದರೆ ಪಾನಾ ಹಿಡಿಯಿಂದ ಪಂಪಿನ ಮೈಗೆ ಮೆಲ್ಲಗೆ ಎರಡು ಏಟು. ಅದರೊಳಗಿನ ಪಾಯಿಂಟ್ ಅಂಟಿಕೊಂಡಿರುತ್ತದೆ. ಆಗ ಹೊರಟರೆ ಮನೆಗೆ ಬರಬಹುದು, ಆದರೆ ಪಾಯಿಂಟ್ ಬದಲಿಸಬೇಕು. ಹೊರಡದಿದ್ದರೆ ಅದರ ಬಿಳಿ ವೈರಿಗೂ ಅರ್ತಿಗೂ ಟೆಸ್ಟ್ ಲ್ಯಾಂಪ್ ಹಿಡಿಯಿರಿ.

ಪಂಪ್ ಸರಿ ಇದ್ದರೆ, ಪ್ಲಗ್‌ಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆಯಿರಿ. ಒಳಗೆ ಬೆವರಿನ ಹನಿ ಇದ್ದರೆ ಒಣ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ಗೆರೆಯಂಥ ಕಪ್ಪು ಎಳೆ ಕಂಡರೆ ಕ್ಯಾಪ್ ಬಿರುಕು ಬಿಟ್ಟಿದೆ, ಒರೆಸಿ ಪ್ರಯೋಜನವಿಲ್ಲ. ಪ್ಲಗ್ ವೈರುಗಳನ್ನು ಪರೀಕ್ಷಿಸಲು ರಾತ್ರಿ ಲೈಟ್ ಆರಿಸಿ ಎಂಜಿನ್ ನಡೆಸಿ ನೋಡಿ. ಸೋರುವ ಕಡೆ ನೀಲಿ ಕಿಡಿ ಓಡಾಡುತ್ತದೆ. ನೋಡಲು ಚಂದ, ಮುಟ್ಟಬೇಡಿ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಪಾಯಿಂಟ್ ಮತ್ತೆ ಮತ್ತೆ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಮೇಲೆ ಕಣ್ಣಿಡಿ.

ಚಾರ್ಜಿಂಗ್

ಬೆಲ್ಟ್ ಬಿಗಿ ನೋಡಿ, ಆಮೇಲೆ ಮೀಟರ್. ಆಲ್ಟರ್ನೇಟರ್ ಇದ್ದರೆ ಎಂಜಿನ್ ಸ್ವಲ್ಪ ರೇಸ್ ಮಾಡಿದಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ. ಡೈನಮೋ ಕಾರಿನಲ್ಲಿ ಐಡಲ್‌ನಲ್ಲಿ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಕೆಂಪು ದೀಪ ಮಿಣುಕುವುದು ರೋಗವಲ್ಲ, ಅದರ ಗುಣ.

ಮಂಕು ಹೆಡ್‌ಲೈಟ್

ಬಲ್ಬಿಗೆ ಶೇ. 10ರಷ್ಟು ವೋಲ್ಟ್ ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಕಡಿಮೆಯಾಗುತ್ತದೆ. ಘಾಟಿಯ ಮಂಜಿನಲ್ಲಿ ಇದು ಸಣ್ಣ ವಿಷಯವಲ್ಲ. ಎಂಜಿಬಿಯಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಹಳೇ ಸ್ವಿಚ್ಚಿನ ಮೂಲಕವೇ ಹೋಗುತ್ತದೆ, ಅದಕ್ಕೆ ಫ್ಯೂಸೂ ಇಲ್ಲ. 100 ವ್ಯಾಟಿನ ಬಲ್ಬ್ ಹಾಕಿದರೆ ಬೆಳಕು ಬರುವ ಮುಂಚೆ ಸ್ವಿಚ್ ಕರಗುತ್ತದೆ. 60/55 ವ್ಯಾಟಿನ ಹ್ಯಾಲೋಜನ್ ಹಾಕಿ, ಹೈಬೀಮ್‌ಗೆ ಒಂದು, ಡಿಪ್‌ಗೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಚ್ಚುವ ಸ್ವಿಚ್) ಕೂಡಿಸಿ. ಹಳೇ ನೀಲಿ ವೈರ್ ರಿಲೇ ಎಬ್ಬಿಸಲು ಮಾತ್ರ. ಹೊಸ ಕರೆಂಟ್ ಫ್ಯೂಸ್ ದಾಟಿ 2 ಚದರ ಮಿಲಿಮೀಟರಿಗಿಂತ ತೆಳುವಲ್ಲದ ವೈರಿನಲ್ಲಿ ಬರಲಿ. ಬಲ್ಬಿನ ಅರ್ತಿಗೂ ಹೊಸ ವೈರ್ ಎಳೆಯಿರಿ.

ನಿಂತಲ್ಲೇ ಬ್ಯಾಟರಿ ಇಳಿದರೆ

ಎಲ್ಲ ಆರಿಸಿ, ಬಾಗಿಲು ಮುಚ್ಚಿ, ಅರ್ತ್ ಕ್ಲಾಂಪ್ ಬಿಚ್ಚಿ, ಕಂಬಕ್ಕೂ ಕ್ಲಾಂಪಿಗೂ ನಡುವೆ ಮೊದಲು ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಚೆನ್ನಾಗಿ ಉರಿದರೆ ದೊಡ್ಡ ಸೋರಿಕೆ. ಉರಿಯದಿದ್ದರೆ ಮೀಟರನ್ನು 10 ಆಂಪ್ ಕಡೆಗೆ ಹಾಕಿ ಅಲ್ಲೇ ಇಡಿ. ಕಂಪ್ಯೂಟರ್ ಇಲ್ಲದ ಈ ಕಾರಿನಲ್ಲಿ ಸೊನ್ನೆಯ ಹತ್ತಿರ ಇರಬೇಕು. 50 ಮಿಲಿಆಂಪ್ ದಾಟಿದರೆ ಹುಡುಕಿ. ಮೀಟರ್ ಹೀಗೆ ಇರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಈಗ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದಕ್ಕೂ ಅಂಕಿ ಇಳಿಯದಿದ್ದರೆ ತಪ್ಪು ಕಂದು ವೈರಿನ ಮೇಲಿದೆ. ಆಲ್ಟರ್ನೇಟರ್ ಪ್ಲಗ್ ಕಳಚಿ ನೋಡಿ, ಅದರ ಡಯೋಡ್ ಸೋರಬಹುದು.

ನಮ್ಮಲ್ಲಿ ಹೋದ ದೀಪಾವಳಿಗೆ 0.4 ಆಂಪ್ ಸೋರುತ್ತಿತ್ತು. ಎರಡು ದಿನ ಬಿಟ್ಟರೆ ಬ್ಯಾಟರಿ ಅರ್ಧ. ನೇರಳೆ ವೈರಿನ ಫ್ಯೂಸ್ ತೆಗೆದಾಗ ನಿಂತಿತು. ಒಳಗಿನ ಲೈಟ್ ಆರಿತ್ತು, ಹಾರ್ನ್ ಸುಮ್ನೆ ಇತ್ತು. ಕೊನೆಗೆ ಕಾಕಾ ತಮ್ಮ ಫೋನಿನಲ್ಲಿ ವಿಡಿಯೋ ಹಚ್ಚಿ, ಅದನ್ನು ಡಿಕ್ಕಿಯೊಳಗೆ ಇಟ್ಟು ಬಾಗಿಲು ಹಾಕಿದರು. ಹತ್ತು ಸೆಕೆಂಡ್ ಬಿಟ್ಟು ತೆಗೆದು ನೋಡಿದರೆ, ಮುಚ್ಚಿದ ಡಿಕ್ಕಿಯಲ್ಲಿ 5 ವ್ಯಾಟಿನ ಬಲ್ಬ್ ತಣ್ಣಗೆ ಉರಿಯುತ್ತಾ ಕೂತಿತ್ತು. ಡಿಕ್ಕಿಯ ರಬ್ಬರ್ ಬೀಡಿಂಗ್ ಹೊಸದಾಗಿ ದಪ್ಪದ್ದು ಹಾಕಿಸಿದ್ದೆವು. ಬಾಗಿಲು ಒಂದು ದಾರದಷ್ಟು ಮೇಲೆ ನಿಂತು ಸ್ವಿಚ್ಚನ್ನು ಒತ್ತುತ್ತಲೇ ಇರಲಿಲ್ಲ.